ಹಳೆಯ ಯಂತ್ರಕ್ಕೆ ಹೊಸ ಮುಖ

ನಮ್ಮ ತೀರ್ಥರೂಪರು ಬಹುಕಾಲ ಕಟ್ಟಿಕೊಳ್ಳುತ್ತಿದ್ದ ಎಚ್.ಎಂ.ಟಿ. ಜನತಾ ಕೈಗಡಿಯಾರವು ಅವರ ತರುವಾಯ ನನ್ನ ಕೈಗೆ ಬಂದಿತು. ಒಂದು ಮಳೆಗಾಲದಲ್ಲಿ ನನ್ನ ಅಜಾಗರೂಕತೆಯಿಂದ ಅದರೊಳಕ್ಕೆ ನೀರು ಸೇರಿ, ಡಯಲಿನ ಬಣ್ಣವು ಉಬ್ಬಿ ಎದ್ದು, ಅಂಕೆಗಳಲ್ಲಿ ಅರ್ಧಕ್ಕರ್ಧ ಅಳಿಸಿಹೋದವು. ಯಂತ್ರಕ್ಕೆ ಮಾತ್ರ ಬಾಧೆ ತಟ್ಟಿರಲಿಲ್ಲ. ಊರಿನ ಗಡಿಯಾರ ರಿಪೇರಿಯವರು ಅದನ್ನು ನೋಡಿ, “ಹೊಸ ಡಯಲು ಹಾಕಿಬಿಡೋಣ, ಮೇಷ್ಟ್ರೇ” ಎಂದರು. “ಹಾಕಿದ ಮೇಲೆ ಇದು ನಮ್ಮ ತಂದೆಯವರ ಗಡಿಯಾರವೇ ಆಗಿರುವುದೋ?” ಎಂದು ಕೇಳಿದೆನು. ಅವರು ನಕ್ಕು, “ಅದನ್ನು ಓದಿದವರು ನೀವೇ ಹೇಳಬೇಕು” ಎಂದುಬಿಟ್ಟರು. ಆ ಮಾತಿಗೆ ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ತಿಳಿದುಬಂದ ಸಂಗತಿಗಳನ್ನು ವಾಚಕ ಮಹಾಶಯರ ಮುಂದಿಡುತ್ತೇನೆ.

ಡಯಲೆಂಬುದು ಅಂಟಿಸಿದ ಚಿತ್ರವಲ್ಲ. ಅದು ತೆಳುವಾದ ಲೋಹದ ಬಿಲ್ಲೆ. ಅದರ ಬೆನ್ನಿನ ಮೇಲೆ ಸಾಮಾನ್ಯವಾಗಿ ಎರಡು ಸಣ್ಣ ಕಾಲುಗಳಿರುತ್ತವೆ. ಯಂತ್ರದ ಮೂಲಫಲಕದಲ್ಲಿ ಅವಕ್ಕೆ ಸರಿಯಾಗಿ ಎರಡು ರಂಧ್ರಗಳುಂಟು. ಕಾಲುಗಳು ಅವುಗಳೊಳಗೆ ಇಳಿದ ಬಳಿಕ ಪಕ್ಕದಿಂದ ಸಣ್ಣ ತಿರುಪುಗಳನ್ನು ಬಿಗಿದು ಹಿಡಿಸುತ್ತಾರೆ. ರಂಧ್ರಗಳ ಸ್ಥಾನವು ಒಂದೊಂದು ಯಂತ್ರಕ್ಕೆ ಒಂದೊಂದು ಬಗೆ. ಆದಕಾರಣ ಅಳತೆಯಲ್ಲಿ ಸಮವಾಗಿದ್ದರೂ ಒಂದು ಗಡಿಯಾರದ ಡಯಲು ಇನ್ನೊಂದಕ್ಕೆ ಕೂಡುವುದೆಂಬ ನಿಯಮವಿಲ್ಲ. ಕಾಲು ಕೂಡದಿದ್ದರೆ ಅದನ್ನು ಕತ್ತರಿಸಿ ಅಂಟಿನಿಂದ ಮೆತ್ತಿಸುವವರೂ ಉಂಟು. ಅಂಟು ಸಡಿಲಿದ ದಿನ ಡಯಲು ಜರುಗುತ್ತದೆ. ಒಳಕ್ಕೆ ಸೋರಿದರೆ ಚಕ್ರಗಳು ಕಚ್ಚಿಕೊಳ್ಳುತ್ತವೆ.

ನಮ್ಮ ರಿಪೇರಿಯವರು ಈ ಕೆಲಸ ಮಾಡಿದುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ಬೆನ್ನಿನ ಮುಚ್ಚಳವನ್ನು ತೆರೆದು, ಕೀಲಿ ಕೊಡುವ ಕಡ್ಡಿಯನ್ನು ಬಿಡಿಸಿ, ಯಂತ್ರವನ್ನು ಹೊರತೆಗೆದರು. ಡಯಲಿನ ಮೇಲೆ ಕಾಗದವಿಟ್ಟು ಮುಳ್ಳುಗಳನ್ನು ನೇರವಾಗಿ ಮೇಲೆತ್ತಿದರು. ಪಕ್ಕದ ತಿರುಪುಗಳನ್ನು ಸಡಿಲಿಸಲು ಹಳೆಯ ಬಿಲ್ಲೆಯು ತಾನಾಗಿ ಬಿಟ್ಟುಬಂದಿತು. ಅದರ ಕೆಳಗೆ ಗಂಟೆಯ ಚಕ್ರವೂ, ಆ ಚಕ್ರವು ಅಲುಗದಂತೆ ಒತ್ತಿಹಿಡಿಯುವ ತೆಳ್ಳನೆಯ ಹಿತ್ತಾಳೆಯ ಬಳೆಯೂ ಕಂಡವು. ಹೊಸ ಡಯಲನ್ನು ಕೂರಿಸುವಾಗ ಅವರು ಲೇಶವೂ ಬಲವನ್ನು ಪ್ರಯೋಗಿಸಲಿಲ್ಲ. ನಡುವಿನ ರಂಧ್ರವು ಮುಳ್ಳುಗಳ ಕೊಳವೆಗೆ ಒಂದು ಕೂದಲಿನಷ್ಟು ತಾಗಿದರೂ ಗಡಿಯಾರ ನಿಂತುಹೋಗುತ್ತದೆಯಂತೆ. ಕಡೆಯಲ್ಲಿ ಗಂಟೆಯ ಮುಳ್ಳನ್ನೂ ನಿಮಿಷದ ಮುಳ್ಳನ್ನೂ ಹನ್ನೆರಡರ ಮೇಲೆ ಒಂದುಗೂಡಿಸಿ ಒತ್ತಿ, ಒಂದು ಪೂರ್ತಿ ಸುತ್ತು ತಿರುಗಿಸಿ, ಒಂದಕ್ಕೊಂದು ತಾಗುವುದಿಲ್ಲವೆಂದು ನಿಶ್ಚಯಿಸಿಕೊಂಡರು.

ಈ ಬಿಲ್ಲೆಗೆ ದೀರ್ಘವಾದ ಇತಿಹಾಸವಿದೆ. ಯೂರೋಪಿನ ಮೊದಲ ಜೇಬುಗಡಿಯಾರಗಳಿಗೆ ಸಾಮಾನ್ಯವಾಗಿ ಗಂಟೆಯ ಮುಳ್ಳೊಂದೇ ಇರುತ್ತಿದ್ದಿತು; ನಿಮಿಷವನ್ನು ತೋರಿಸುವಷ್ಟು ನಿಖರತೆ ಆ ಯಂತ್ರಗಳಿಗಿರಲಿಲ್ಲ. 1675ರಲ್ಲಿ ಹೈಗೆನ್ಸನು ಗಡಿಯಾರದ ತೂಗುಚಕ್ರಕ್ಕೆ ಸುರುಳಿತಂತಿಯನ್ನು ಅಳವಡಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ ನಿಮಿಷದ ಮುಳ್ಳು ರೂಢಿಗೆ ಬಂದಿತು, ಡಯಲಿನ ಅಂಚಿನಲ್ಲಿ ಅರವತ್ತು ಗೆರೆಗಳು ಮೂಡಿದವು. ಹೀಗೆ ಯಂತ್ರದ ಪ್ರಗತಿಯೆಲ್ಲವೂ ಮುಖದ ಮೇಲೆ ಬರೆಯಲ್ಪಡುತ್ತ ಬಂದಿದೆ. ಡಯಲು ಗಡಿಯಾರದ ಶಾಸನವೆಂದರೆ ತಪ್ಪಾಗದು.

1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸೈನಿಕರಿಗೆ ಕೈಗಡಿಯಾರವು ಅವಶ್ಯಕವಾಯಿತು. ಕತ್ತಲೆಯಲ್ಲಿಯೂ ಅಂಕೆಗಳು ಕಾಣಲೆಂದು ರೇಡಿಯಂ ಬೆರೆತ ಬಣ್ಣವನ್ನು ಹಚ್ಚಿದರು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಎಂಬಲ್ಲಿ ಈ ಡಯಲುಗಳನ್ನು ಬರೆಯುತ್ತಿದ್ದ ತರುಣಿಯರಿಗೆ, ಕುಂಚದ ತುದಿಯನ್ನು ತುಟಿಯಿಂದಲೇ ಚೂಪುಮಾಡಿಕೊಳ್ಳುವಂತೆ ಕಲಿಸಿದ್ದರು. ಅವರಲ್ಲಿ ಹಲವರು ದವಡೆಯ ಎಲುಬು ಕೊಳೆತು ಸತ್ತರು. ಐವರು ಸ್ತ್ರೀಯರು ಹೂಡಿದ ವ್ಯಾಜ್ಯವು 1928ರಲ್ಲಿ ರಾಜಿಯಿಂದ ಮುಗಿಯಿತು. ರೇಡಿಯಂ ತನ್ನ ಅರ್ಧಾಂಶವನ್ನು ಕಳೆದುಕೊಳ್ಳಲು ಸುಮಾರು 1600 ವರ್ಷಗಳು ಬೇಕು. ಅಂಥ ಡಯಲಿನ ಹೊಳಪು ನಂದಿದರೂ ವಿಷವು ನಂದಿಲ್ಲವಾದ್ದರಿಂದ ಅದನ್ನು ಕೆರೆಯಬಾರದು. ಬ್ರಿಟಿಷ್ ಸೈನ್ಯದವರು 1960ರ ದಶಕದಲ್ಲಿ ತಮ್ಮ ಹಲವು ಗಡಿಯಾರಗಳ ರೇಡಿಯಂ ಮುಖಗಳನ್ನು ತೆಗೆಯಿಸಿ, ಟ್ರಿಷಿಯಂ ಹಚ್ಚಿದ ಮುಖಗಳನ್ನು ಹಾಕಿಸಿದರು. ಹೊಸ ಡಯಲಿನ ಮೇಲೆ ವರ್ತುಲದೊಳಗೆ “ಟಿ” ಎಂಬ ಇಂಗ್ಲಿಷ್ ಅಕ್ಷರವನ್ನು ಮುದ್ರಿಸಿದರು. ಯಂತ್ರವು ಹಳೆಯದು, ಮುಖವು ಹೊಸದು, ಎಂಬುದನ್ನು ಬಲ್ಲವರಿಗೆ ಆ ಮುಖವೇ ತಿಳಿಸುತ್ತದೆ.

ನಮ್ಮ ನಾಡಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಗಡಿಯಾರಗಳ ತಯಾರಿಕೆಗೆ ತೊಡಗಿತು. ಉಪಾಧ್ಯಾಯರು, ಗುಮಾಸ್ತರು, ಮದುವೆಯ ವರರು, ಎಲ್ಲರ ಕೈಗೂ ಅದರ ಗಡಿಯಾರಗಳು ಬಂದವು. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆಯಿತ್ತಿತು. ಕಾರ್ಖಾನೆ ನಿಂತರೂ ಯಂತ್ರಗಳು ನಿಲ್ಲಲಿಲ್ಲ. ಹಳೆಯ ಯಂತ್ರಗಳಿಗೆ ಬಣ್ಣಬಣ್ಣದ ಹೊಸ ಡಯಲುಗಳನ್ನು ಹೊರಗೆ ಅಚ್ಚುಮಾಡಿ ಕೂರಿಸಿ, “ಕಾರ್ಖಾನೆಯಿಂದ ಬಂದಂತೆಯೇ ಇದೆ” ಎಂದು ಹೇಳಿ ಮಾರುವ ವ್ಯಾಪಾರವೂ ಹುಟ್ಟಿಕೊಂಡಿತು. ಕೊಳ್ಳುವವನು ಹಳೆಯ ಕಾಲಕ್ಕೆ ಬೆಲೆ ತೆರುತ್ತಾನೆ. ಅವನ ಕೈಗೆ ಬರುವುದು ಮೊನ್ನೆಯ ಮುಖ.

ಡಯಲನ್ನು ಶಾಸನವೆಂದು ಕರೆದೆನಷ್ಟೆ. ಶಾಸನಗಳಲ್ಲಿಯೂ ಇದೇ ಕಲಹವುಂಟು. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಸಾಹೇಬರು ವಾದಿಸಿದರು. ಹೇಳಿಕೊಂಡ ಕಾಲಕ್ಕಿಂತ ಲಿಪಿಯು ಈಚಿನದೆಂಬುದು ಅವರ ಆಕ್ಷೇಪಣೆಗಳಲ್ಲೊಂದು. ರೈಸ್ ಸಾಹೇಬರು ಅದಕ್ಕೆ ಸಮ್ಮತಿಸಲಿಲ್ಲ. ಆದರೆ ಲಿಪಿಯು ಹೊಸದಾದ ಮಾತ್ರಕ್ಕೆ ಶಾಸನವು ಕೂಟವಾಗುವುದೆ? ಇದಕ್ಕೆ ಉತ್ತರವನ್ನು 7ನೆಯ ಶತಮಾನದಲ್ಲಿಯೇ ಒಬ್ಬ ಅರಸನು ಬರೆಯಿಸಿಟ್ಟಿದ್ದಾನೆ. ಕಾಮರೂಪದ ಭಾಸ್ಕರವರ್ಮನು ಹರ್ಷವರ್ಧನನ ಮಿತ್ರ. ಅವನ ಪೂರ್ವಿಕನಾದ ಭೂತಿವರ್ಮನು ಬ್ರಾಹ್ಮಣರಿಗೆ ಕೊಟ್ಟಿದ್ದ ದತ್ತಿಯ ತಾಮ್ರಪಟಗಳು ಬೆಂಕಿಯಿಂದ ನಷ್ಟವಾಗಿದ್ದವು. ಭಾಸ್ಕರವರ್ಮನು ಅದೇ ದತ್ತಿಗೆ ಹೊಸ ಪಟಗಳನ್ನು ಮಾಡಿಸಿದನು. ಈಗ ಬಾಂಗ್ಲಾದೇಶಕ್ಕೆ ಸೇರಿದ ಸಿಲ್ಹೆಟ್ ಪ್ರಾಂತದ ನಿಧನಪುರದಲ್ಲಿ ಅವು 1912ರಲ್ಲಿ ದೊರೆತವು. ಹಿಂದಿನ ಶಾಸನವು ಸುಟ್ಟುಹೋದ ಬಳಿಕ ಹೊಸದಾಗಿ ಬರೆಯಿಸಿದ್ದರಿಂದ ಅಕ್ಷರಗಳ ರೂಪವು ಬೇರೆಯಾಗಿದೆ, ಆದುದರಿಂದ ಇವು ಕೂಟವಲ್ಲ, ಎಂಬ ಅಭಿಪ್ರಾಯವು ಅದರ ಕೊನೆಯ ಶ್ಲೋಕದಲ್ಲಿದೆ. ಭೇದವನ್ನು ಮರೆಮಾಡದೆ ತಾನೇ ಹೇಳಿಕೊಳ್ಳುವುದರಿಂದಲೇ ಆ ಪಟವು ಸತ್ಯವಾಯಿತು. ಸೈನ್ಯದ ಡಯಲಿನ “ಟಿ” ಅಕ್ಷರವೂ ಮಾಡುವುದು ಇದೇ ಕೆಲಸವನ್ನು. ಜೀರ್ಣೋದ್ಧಾರಕ್ಕೂ ವಂಚನೆಗೂ ಇರುವ ಗಡಿಯು ಇಷ್ಟೇ.

ರಿಪೇರಿಯವರು ನನ್ನ ಮುಂದೆ ಎರಡು ಡಯಲುಗಳನ್ನು ಇಟ್ಟಿದ್ದರು. ಒಂದು ಹಳೆಯದರಂತೆಯೇ ಅಚ್ಚಾಗಿ, ಕಾರ್ಖಾನೆಯ ಹೆಸರನ್ನು ಹೊತ್ತದ್ದು; ಇನ್ನೊಂದು ಹೆಸರಿಲ್ಲದ ಬರಿಯ ಬಿಳಿಯದು. ನಾನು ಬಿಳಿಯದನ್ನು ಆರಿಸಿದೆನು. ಗಡಿಯಾರ ಕೆಲಸದವರು ರಿಪೇರಿಯ ಗುರುತನ್ನು ಬೆನ್ನಿನ ಮುಚ್ಚಳದ ಒಳಗೆ ಗೀಚಿಡುವುದು ಹಳೆಯ ಪದ್ಧತಿ. ಅದರಂತೆ ಡಯಲು ಬದಲಾದ ವರ್ಷವನ್ನು ಅಲ್ಲಿ ಗೀಚಿಸಿದೆನು. ಹಳೆಯ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ, ನೀರು ಹೋದ ಬಗೆಯನ್ನೂ ಅದರ ಮೇಲೆ ಬರೆದು, ತಂದೆಯವರ ಪಂಚಾಂಗಗಳ ಪೆಟ್ಟಿಗೆಯಲ್ಲಿರಿಸಿದ್ದೇನೆ. ಮುಂದೆ ಯಾರ ಕೈಗೆ ಈ ಗಡಿಯಾರ ಹೋದರೂ ಅವರು ಮೋಸಹೋಗುವಂತಿಲ್ಲ.

ರಿಪೇರಿಯವರಿಗೆ ನಾನು ಕೊಟ್ಟ ಉತ್ತರವೂ ಅದೇ: ಇದು ನಮ್ಮ ತಂದೆಯವರ ಗಡಿಯಾರವೇ ಹೌದು, ಮುಖವನ್ನು ಮಾತ್ರ ಅವರು ನೋಡಿದವರಲ್ಲ.