ಉತ್ತರ ಕೊಡಬೇಕಾದವರು ಯಾರು? 2017ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಚರ್ಚೆ ಮತ್ತು ಸರ್ಕಾರಿ ಆಸ್ಪತ್ರೆಯ ರೋಗಿ

ಪೀಠಿಕೆ

2017ರ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜ್ಯದ ಬಹುಪಾಲು ಖಾಸಗಿ ಆಸ್ಪತ್ರೆಗಳು ಹೊರರೋಗಿಗಳಿಗೆ ಬಾಗಿಲು ಹಾಕಿದ್ದವು. ವಿವಾದದ ಕೇಂದ್ರದಲ್ಲಿದ್ದುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ಮಸೂದೆ. ವೈದ್ಯರು ಅದನ್ನು ಕರಾಳ ಮಸೂದೆ ಎಂದರು. ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದು ಬಡವರ ಪರವಾದ ಕಾನೂನು ಎಂದು ಸಮರ್ಥಿಸಿದರು. ಈ ಪ್ರಸಂಗವನ್ನು ಇದುವರೆಗೆ ಹೆಚ್ಚಾಗಿ ಎರಡು ರೀತಿಯಲ್ಲಿ ಓದಲಾಗಿದೆ: ಖಾಸಗಿ ಬಂಡವಾಳದ ಒತ್ತಡಕ್ಕೆ ಸರ್ಕಾರ ಮಣಿದ ಕಥೆಯಾಗಿ, ಇಲ್ಲವೇ ಅತಿರೇಕದ ಕಾನೂನೊಂದು ಸಂವಾದದಿಂದ ಹದಕ್ಕೆ ಬಂದ ಕಥೆಯಾಗಿ. ಎರಡೂ ಓದುಗಳು ಖಾಸಗಿ ಆಸ್ಪತ್ರೆಯ ಹೊಸ್ತಿಲಲ್ಲೇ ನಿಲ್ಲುತ್ತವೆ.

ಆ ಚರ್ಚೆಯಲ್ಲಿ ಒಂದು ಪ್ರಶ್ನೆ ಎದ್ದಿತು, ಉತ್ತರ ಸಿಗದೆ ಬಿದ್ದುಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಅನ್ಯಾಯಕ್ಕೊಳಗಾದ ರೋಗಿ ಯಾವ ಕಾನೂನಿನ ಅಡಿಯಲ್ಲಿ ದೂರು ಕೊಡಬೇಕು? ಅದನ್ನು ಕೇಳಿದವರು ಖಾಸಗಿ ವೈದ್ಯರು, ಅದೂ ಆತ್ಮರಕ್ಷಣೆಗಾಗಿ. ಹೀಗಾಗಿ ಪ್ರಶ್ನೆಯ ತೂಕವನ್ನು ಯಾರೂ ಅಳೆಯಲಿಲ್ಲ. 2017ರ ಚರ್ಚೆಯ ದೊಡ್ಡ ಕೊರತೆ ದರ ನಿಯಂತ್ರಣ ಕೈಬಿಟ್ಟದ್ದಲ್ಲ, ಸರ್ಕಾರಿ ಆರೋಗ್ಯ ಸೇವೆಯನ್ನು ಉತ್ತರದಾಯಿತ್ವದ ಹೊರಗೆ ಉಳಿಸಿದ್ದು ಎಂಬುದು ಈ ಲೇಖನದ ವಾದ.

ಕಾನೂನಿನ ಹಿನ್ನೆಲೆ

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಆರನೆಯ ನಮೂದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳದು. ಆದ್ದರಿಂದ ಆರೋಗ್ಯ ಸೇವೆಯ ಸುಧಾರಣೆಯ ನಿಜವಾದ ಶಾಸನಸಭೆ ಬೆಂಗಳೂರು ಮತ್ತು ಬೆಳಗಾವಿಯಲ್ಲಿದೆ, ದೆಹಲಿಯಲ್ಲಲ್ಲ. ಕರ್ನಾಟಕ ಈ ಅಧಿಕಾರವನ್ನು ಬೇಗನೆ ಬಳಸಿಕೊಂಡಿತು. 1976ರಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ ಕಾಯ್ದೆ ಬಂತು. ಅದರ ಜಾಗದಲ್ಲಿ 2007ರ ಕಾಯ್ದೆ ಬಂದು ನೋಂದಣಿ, ಕನಿಷ್ಠ ಸೌಲಭ್ಯ ಮತ್ತು ದರಪಟ್ಟಿ ಪ್ರಕಟಣೆಯ ನಿಯಮಗಳನ್ನು ವಿಧಿಸಿತು. ಎರಡು ಕಾಯ್ದೆಗಳ ಹೆಸರಿನಲ್ಲೂ ‘ಖಾಸಗಿ’ ಎಂಬ ಪದವಿದೆ. ನಿಯಂತ್ರಣ ಬೇಕಾದದ್ದು ಲಾಭದ ಲೋಕಕ್ಕೆ, ಸರ್ಕಾರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ಆ ನಂಬಿಕೆಗೆ ಆಧಾರವಿಲ್ಲ ಎಂಬುದನ್ನು ಸರ್ಕಾರವೇ ನೇಮಿಸಿದ ತಂಡವೊಂದು ಅಷ್ಟರಲ್ಲಾಗಲೇ ಹೇಳಿತ್ತು. 1999ರ ಕೊನೆಯಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯಲ್ಲಿ ರಚನೆಯಾದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ 2001ರಲ್ಲಿ ಅಂತಿಮ ವರದಿ ಕೊಟ್ಟಿತು. ಸಮತೆ ಮತ್ತು ಗುಣಮಟ್ಟದ ಜೊತೆಗೆ ಪ್ರಾಮಾಣಿಕತೆಯನ್ನೂ ಅದು ತನ್ನ ಶೀರ್ಷಿಕೆಯಲ್ಲೇ ಗುರಿಯಾಗಿ ಇಟ್ಟುಕೊಂಡಿತ್ತು. ಸುದರ್ಶನ್ ಮುಂದೆ ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಜಾಗೃತ ನಿರ್ದೇಶಕರಾಗಿ ಕೆಲಸ ಮಾಡಿದರು. ಸರ್ಕಾರಿ ಆರೋಗ್ಯ ವ್ಯವಸ್ಥೆಯ ತೊಡಕನ್ನು ಹಣದ ಕೊರತೆಯಿಂದ ಮಾತ್ರ ವಿವರಿಸಲಾಗದು ಎಂಬುದಕ್ಕೆ ಈ ಹುದ್ದೆಯೇ ಸಾಕ್ಷಿ.

ಕೇಂದ್ರದ 2010ರ ಕ್ಲಿನಿಕಲ್ ಸಂಸ್ಥೆಗಳ ಕಾಯ್ದೆ ಬೇರೆ ದಾರಿ ಹಿಡಿಯಿತು. ಸಶಸ್ತ್ರ ಪಡೆಗಳ ಆಸ್ಪತ್ರೆಗಳನ್ನು ಬಿಟ್ಟು ಸರ್ಕಾರಿ, ಖಾಸಗಿ ಎರಡನ್ನೂ ಅದು ಒಂದೇ ವ್ಯಾಖ್ಯಾನದೊಳಗೆ ತಂದಿತು. ಕರ್ನಾಟಕ ತನ್ನದೇ ಕಾಯ್ದೆ ಇದೆಯೆಂದು ಅದನ್ನು ಅಂಗೀಕರಿಸಲಿಲ್ಲ. ಕೇಂದ್ರ ಕಾಯ್ದೆಯೂ ಹೆಚ್ಚೇನೂ ಸಾಧಿಸಿಲ್ಲ. 2012ರ ನಿಯಮಗಳಲ್ಲಿ ಹೇಳಿದ ದರಗಳ ಮಿತಿಯನ್ನು ನಿಗದಿ ಮಾಡಿಲ್ಲವೆಂದು 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡಿತು. ಆದರೂ ವ್ಯಾಖ್ಯಾನದ ಮಟ್ಟದಲ್ಲಿ ಅದು ಕರ್ನಾಟಕದ ಕಾಯ್ದೆಗಿಂತ ನ್ಯಾಯವಾದದ್ದು.

ಮಸೂದೆ, ಮುಷ್ಕರ, ರಾಜಿ

2007ರ ಕಾಯ್ದೆಯ ಪರಿಷ್ಕರಣೆಗೆ ಸಲಹೆ ಕೊಡಲು ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ನೇತೃತ್ವದ ಸಮಿತಿ ನೇಮಕವಾಗಿತ್ತು. 2017ರ ಜೂನ್‌ನಲ್ಲಿ ಮಂಡನೆಯಾದ ಮಸೂದೆ ಸಮಿತಿಯ ಸಲಹೆಗಳನ್ನು ಮೀರಿ ಹೋಯಿತು. ಚಿಕಿತ್ಸೆಯ ದರವನ್ನು ಸರ್ಕಾರವೇ ನಿಗದಿ ಮಾಡುವ ಅಧಿಕಾರ, ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿ, ನಿಯಮ ಮುರಿದವರಿಗೆ ಸೆರೆವಾಸ: ವೈದ್ಯರು ತಕರಾರು ತೆಗೆದದ್ದು ಮುಖ್ಯವಾಗಿ ಈ ಮೂರಕ್ಕೆ. ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು.

ಜನ ಮಸೂದೆಯನ್ನು ಬೆಂಬಲಿಸಿದ್ದಕ್ಕೆ ಕಾರಣ ಹುಡುಕಬೇಕಿಲ್ಲ. ಅದೇ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ ದೇಶದಲ್ಲಿ ಆಸ್ಪತ್ರೆಗೆ ದಾಖಲಾದ ಪ್ರಕರಣಗಳಲ್ಲಿ ಶೇ. 55 ಖಾಸಗಿ ಆಸ್ಪತ್ರೆಗಳಲ್ಲಿ, ಶೇ. 42 ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದವು. ಹೆರಿಗೆ ಬಿಟ್ಟು ಒಂದು ದಾಖಲಾತಿಯ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಆ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 48.8 ಜನ ತಮ್ಮ ಜೇಬಿನಿಂದ ಕೊಟ್ಟದ್ದು. ಹೆಣ ಬಿಟ್ಟುಕೊಡಲು ಬಾಕಿ ಹಣ ಕೇಳುವ ಆಸ್ಪತ್ರೆಗಳ ಬಗೆಗಿನ ಸಿಟ್ಟು ಈ ಅಂಕಿಗಳ ಹಿಂದೆ ಮಡುಗಟ್ಟಿತ್ತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಮಸೂದೆಯ ಪರ ಬೀದಿಗಿಳಿದವು.

ವೈದ್ಯ ಸಂಘಟನೆಗಳ ವಾದದಲ್ಲಿ ಎರಡು ಎಳೆಗಳಿದ್ದವು. ಒಂದು, ಚಿಕ್ಕ ನರ್ಸಿಂಗ್ ಹೋಮ್‌ಗೂ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ದರ ಅನ್ವಯಿಸಿದರೆ ಮೊದಲು ಮುಚ್ಚುವುದು ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮ್ ಎಂಬುದು. ಇನ್ನೊಂದು, ಕಾನೂನು ಎಲ್ಲರಿಗೂ ಒಂದೇ ಆಗಿರಲಿ, ಸರ್ಕಾರಿ ಆಸ್ಪತ್ರೆಗಳನ್ನೂ ಅದರೊಳಗೆ ತನ್ನಿ ಎಂಬುದು. ಎರಡನೆಯದನ್ನು ಸರ್ಕಾರ ಒಪ್ಪಲಿಲ್ಲ. ಮಸೂದೆಯ ಬೆಂಬಲಿಗರಿಗೂ ಅದು ದಾರಿ ತಪ್ಪಿಸುವ ತಂತ್ರವಾಗಿ ಕಂಡಿತು. ಅನುಮಾನ ಸಹಜವೇ. ಆದರೆ ವಾದ ಹೂಡಿದವನ ಉದ್ದೇಶ ಕೆಟ್ಟದ್ದು ಎಂದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ.

ಮುಷ್ಕರ ತೀವ್ರವಾದಾಗ ಉಚ್ಚ ನ್ಯಾಯಾಲಯ ಮಧ್ಯ ಪ್ರವೇಶಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜೊತೆಗಿನ ಮಾತುಕತೆಯ ನಂತರ ವೈದ್ಯರು ಕೆಲಸಕ್ಕೆ ಮರಳಿದರು. ಅದೇ ಅಧಿವೇಶನದಲ್ಲಿ ಅಂಗೀಕಾರವಾದ ರೂಪದಲ್ಲಿ ದರ ನಿಗದಿಯ ಅಧಿಕಾರ ಸರ್ಕಾರಿ ಆರೋಗ್ಯ ಯೋಜನೆಗಳ ಚಿಕಿತ್ಸೆಗಷ್ಟೇ ಸೀಮಿತವಾಯಿತು. ದೂರುಗಳ ವಿಚಾರಣೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರದ ಪಾಲಾಯಿತು. ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳಬಾರದು, ಬಾಕಿಯ ಕಾರಣಕ್ಕೆ ಶವ ತಡೆಹಿಡಿಯಬಾರದು ಎಂಬ ನಿಯಮಗಳೂ ಉಳಿದವು. ಇವು ಸಣ್ಣ ಗಳಿಕೆಗಳಲ್ಲ.

ರಾಜಿಯ ಈ ಮಾದರಿ ಕರ್ನಾಟಕದ್ದಷ್ಟೇ ಅಲ್ಲ. 2023ರ ಮಾರ್ಚ್‌ನಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿದಾಗಲೂ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಏಪ್ರಿಲ್ ಮೊದಲ ವಾರದ ಒಪ್ಪಂದದಲ್ಲಿ 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಮತ್ತು ಸರ್ಕಾರದಿಂದ ರಿಯಾಯಿತಿ ಪಡೆಯದ ಸಂಸ್ಥೆಗಳು ಹೊರಗುಳಿದವು. ಕರ್ನಾಟಕದಲ್ಲಿ ಕಾನೂನು ಕುಗ್ಗಿದ್ದು ಸದನದ ಒಳಗೆ, ರಾಜಸ್ಥಾನದಲ್ಲಿ ಸದನದ ಹೊರಗೆ. ಆದರೆ ರಾಜಸ್ಥಾನದ ಕಾಯ್ದೆ ಸರ್ಕಾರಿ ಆಸ್ಪತ್ರೆಯನ್ನೂ ಹೊಣೆಯ ಒಳಗೇ ಇಟ್ಟಿತ್ತು.

ನಿಯಂತ್ರಕನಿಂದ ಖರೀದಿದಾರನಿಗೆ

ಅಂಗೀಕಾರವಾದ ಕಾಯ್ದೆಯಲ್ಲಿ ರಾಜ್ಯದ ಪಾತ್ರವೇ ಬದಲಾಯಿತು. ದರವನ್ನು ಕಾನೂನಿನಿಂದ ಹಿಡಿದಿಡಲಾಗದ ಸರ್ಕಾರ, ಸೇವೆಯನ್ನು ಸಗಟಾಗಿ ಕೊಳ್ಳುವ ಮೂಲಕ ದರ ಇಳಿಸಲು ಹೊರಟಿತು. ಈ ದಾರಿ ಹೊಸದಲ್ಲ. 2003ರಲ್ಲಿ ಜಾರಿಯಾದ ಯಶಸ್ವಿನಿ ಸಹಕಾರ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ 60 ರೂಪಾಯಿಯ ವಂತಿಗೆಯಲ್ಲಿ ಒದಗಿಸಲು ಆರಂಭಿಸಿತ್ತು. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಯ ಕೆಳಗಿನವರಿಗೆ ದುಬಾರಿ ಚಿಕಿತ್ಸೆ ಒದಗಿಸಿತು. 2018ರ ಮಾರ್ಚ್‌ನಲ್ಲಿ ಬಂದ ಆರೋಗ್ಯ ಕರ್ನಾಟಕ ಇಂಥ ಹಲವು ಯೋಜನೆಗಳನ್ನು ಒಗ್ಗೂಡಿಸಿತು, ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತದೊಂದಿಗೆ ಸೇರಿಕೊಂಡಿತು.

ಆರೋಗ್ಯ ಕರ್ನಾಟಕದ ಒಂದು ನಿಯಮ ಈ ಲೇಖನದ ವಾದಕ್ಕೆ ಮುಖ್ಯ. ತುರ್ತಲ್ಲದ ಚಿಕಿತ್ಸೆಗೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲವೆಂದಾದರೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬಹುದು. ಸಾರ್ವಜನಿಕ ಹಣ ಪೋಲಾಗದಂತೆ ಮಾಡಿದ ಈ ವ್ಯವಸ್ಥೆಗೆ ಸಮರ್ಥನೆ ಇದೆ. ಆದರೆ ಬಡ ರೋಗಿಗೆ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯುವ ಕೀಲಿಕೈ ಈಗ ಸರ್ಕಾರಿ ಆಸ್ಪತ್ರೆಯ ಕೈಗೆ ಬಂತು. ಶಿಫಾರಸು ಪತ್ರ ಕೊಡದಿದ್ದರೆ, ತಡ ಮಾಡಿದರೆ, ಅದಕ್ಕೆ ಕೈ ಬೆಚ್ಚಗೆ ಮಾಡಬೇಕೆಂದರೆ ದೂರು ಕೇಳಲು 2017ರ ಕಾಯ್ದೆಗೆ ಅಧಿಕಾರವಿಲ್ಲ. ಅದು ಖಾಸಗಿ ಸಂಸ್ಥೆಗಳ ಕಾಯ್ದೆ.

ಸದನದಲ್ಲಿ ಕೈಬಿಟ್ಟ ದರ ನಿಯಂತ್ರಣ ಮೂರು ವರ್ಷಗಳೊಳಗೆ ಇನ್ನೊಂದು ಬಾಗಿಲಿನಿಂದ ಒಳಬಂತು. 2020ರ ಜೂನ್‌ನಲ್ಲಿ ಕೋವಿಡ್ ಚಿಕಿತ್ಸೆಗೆ ಸರ್ಕಾರ ಮಿತಿ ಹಾಕಿತು: ಸರ್ಕಾರ ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ 10,000, ನೇರವಾಗಿ ದಾಖಲಾದವರಿಗೆ 10,000 ಮತ್ತು 25,000. ದರ ನಿಗದಿ ಅಸಾಧ್ಯವಾದ ಕೆಲಸವಲ್ಲ ಎಂದು ಈ ಆದೇಶ ತೋರಿಸಿತು. 2017ರಲ್ಲಿ ಕೊರತೆಯಾದದ್ದು ರಾಜಕೀಯ ಬಲ, ಆಡಳಿತದ ವಿದ್ಯೆಯಲ್ಲ.

ಎರಡು ಬಾಗಿಲುಗಳ ನಡುವಿನ ರೋಗಿ

ಖಾಸಗಿ ಆಸ್ಪತ್ರೆಯ ರೋಗಿಗೆ ಇಂದು ಜಿಲ್ಲಾ ಪ್ರಾಧಿಕಾರವಿದೆ, ಗ್ರಾಹಕ ಆಯೋಗವೂ ಇದೆ. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದಿತು. ಅದೇ ತೀರ್ಪಿನ ಇನ್ನೊಂದು ಭಾಗ ಅಷ್ಟು ಪ್ರಚಾರ ಪಡೆದಿಲ್ಲ. ಕೆಲವರಿಂದ ಶುಲ್ಕ ಪಡೆದು ಉಳಿದವರಿಗೆ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಯಲ್ಲಿ ಇಬ್ಬರೂ ಗ್ರಾಹಕರೇ. ಆದರೆ ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಯ ರೋಗಿ ಗ್ರಾಹಕನಲ್ಲ. ಹೆಸರು ನೋಂದಣಿಗೆ ಪಡೆಯುವ ಅತ್ಯಲ್ಪ ಮೊತ್ತ ಶುಲ್ಕವೆನಿಸುವುದಿಲ್ಲ.

ಎರಡು ಕಾನೂನುಗಳನ್ನು ಜೊತೆಗಿಟ್ಟು ಓದಿದರೆ ಫಲಿತಾಂಶ ವಿಚಿತ್ರವಾಗಿದೆ. ಹಣ ಕೊಟ್ಟವನಿಗೆ ಎರಡು ವೇದಿಕೆಗಳಿವೆ. ಪೂರ್ಣ ಉಚಿತ ಸೇವೆಯನ್ನೇ ನಂಬಿದವನಿಗೆ ಎರಡೂ ಇಲ್ಲ. ಅವನಿಗೆ ಉಳಿಯುವುದು ಇಲಾಖೆಗೆ ಅರ್ಜಿ, ಲೋಕಾಯುಕ್ತ, ಸಿವಿಲ್ ದಾವೆ ಅಥವಾ ರಿಟ್. ರಿಟ್‌ನ ದಾರಿ ಗಟ್ಟಿಯಾದದ್ದು. 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ, ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 21ನೆಯ ವಿಧಿಯ ಉಲ್ಲಂಘನೆ ಎಂದು ಕರೆದು 25,000 ರೂಪಾಯಿ ಪರಿಹಾರ ಕೊಡಿಸಿತು. ಆದರೆ ಸುರಪುರದ ಕೂಲಿಯಾಳು ರಿಟ್ ಹಾಕುವುದನ್ನು ನಂಬಿ ನೀತಿ ರೂಪಿಸಲಾಗದು.

ಸರ್ಕಾರಿ ಆಸ್ಪತ್ರೆಯನ್ನೂ ಕಾನೂನಿನ ಹೊಣೆಯೊಳಗೆ ತರಬೇಕೆಂಬ ವಾದಕ್ಕೆ ಬರುವ ಪ್ರಬಲ ಆಕ್ಷೇಪ ಒಂದಿದೆ. ಹುದ್ದೆಗಳು ಖಾಲಿ ಬಿದ್ದಿರುವ, ಔಷಧ ಸರಿಯಾಗಿ ಬಾರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯನ್ನು ದಂಡಕ್ಕೆ ಗುರಿ ಮಾಡಿದರೆ ಇಲಾಖೆಯ ತಪ್ಪಿಗೆ ಆಕೆ ಬೆಲೆ ತೆರಬೇಕಾಗುತ್ತದೆ. ಆಕ್ಷೇಪ ನ್ಯಾಯವಾದದ್ದು, ಆದರೆ ಅದು ಹೊಣೆಯನ್ನು ಎಲ್ಲಿ ಇಡಬೇಕೆಂದು ಹೇಳುತ್ತದೆಯೇ ಹೊರತು ಹೊಣೆಯೇ ಬೇಡವೆಂದಲ್ಲ. ಸಿಬ್ಬಂದಿ, ಔಷಧ, ಉಪಕರಣಗಳ ಕೊರತೆಗೆ ಇಲಾಖೆ ಉತ್ತರಿಸಬೇಕು; ನಿರಾಕರಣೆ, ಲಂಚ, ಅವಮಾನಗಳಿಗೆ ವ್ಯಕ್ತಿ ಉತ್ತರಿಸಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು 2007ರಿಂದಲೂ ಇವೆ, 2012 ಮತ್ತು 2022ರಲ್ಲಿ ಪರಿಷ್ಕಾರವಾಗಿವೆ. ಅವು ಮಾರ್ಗಸೂಚಿಗಳು ಮಾತ್ರ. ಖಾಸಗಿ ಆಸ್ಪತ್ರೆಗೆ ಕನಿಷ್ಠ ಸೌಲಭ್ಯ ನೋಂದಣಿಯ ಷರತ್ತು, ಸರ್ಕಾರಿ ಆಸ್ಪತ್ರೆಗೆ ಅದೊಂದು ಆದರ್ಶ.

ಉಪಸಂಹಾರ

2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ವೇಳೆಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021–22ರಲ್ಲಿ, ಕೋವಿಡ್‌ನ ಖರ್ಚು ಸೇರಿಯೂ, ಅದು ಶೇ. 1.84ರಷ್ಟಿತ್ತು. ಹಣ ಹೆಚ್ಚಬೇಕೆಂಬುದರಲ್ಲಿ ವಾದವಿಲ್ಲ. ಆದರೆ ಮಾನದಂಡಕ್ಕೆ ಕಾನೂನಿನ ಬಲವಿಲ್ಲದಿದ್ದರೆ ಬಜೆಟ್‌ನಲ್ಲಿ ಕಡಿತವಾದಾಗ ಅದನ್ನು ಪ್ರಶ್ನಿಸುವ ನೆಲೆಯೇ ರೋಗಿಗೆ ಸಿಗುವುದಿಲ್ಲ.

ಕಾಯ್ದೆಗೆ ಮುಂದೆ ಬರುವ ತಿದ್ದುಪಡಿಯಲ್ಲಿ ಮೂರು ಬದಲಾವಣೆಗಳು ಬೇಕು. ಮೊದಲನೆಯದಾಗಿ ಕಾಯ್ದೆಯ ಹೆಸರಿನಿಂದಲೂ ವ್ಯಾಖ್ಯಾನದಿಂದಲೂ ‘ಖಾಸಗಿ’ ಎಂಬ ಪದ ಹೋಗಿ, ರೋಗಿಗಳ ಸನ್ನದು ಎಲ್ಲ ಆಸ್ಪತ್ರೆಗಳಿಗೂ ಅನ್ವಯವಾಗಬೇಕು. ಎರಡನೆಯದಾಗಿ ಸಾರ್ವಜನಿಕ ಆರೋಗ್ಯ ಮಾನದಂಡಗಳು ಹಂತ ಹಂತವಾಗಿ, ಹಿಂದುಳಿದ ತಾಲ್ಲೂಕುಗಳಿಂದ ಮೊದಲುಗೊಂಡು, ಇಲಾಖೆಯ ಶಾಸನಬದ್ಧ ಕರ್ತವ್ಯವಾಗಬೇಕು. ಮೂರನೆಯದಾಗಿ ದೂರು ಕೇಳುವ ಪ್ರಾಧಿಕಾರ ಜಿಲ್ಲಾಡಳಿತದಿಂದ ಬೇರೆಯಾಗಬೇಕು. ಆಸ್ಪತ್ರೆ ನಡೆಸುವ ಸರ್ಕಾರದ ಅಧಿಕಾರಿಯೇ ಅದರ ಮೇಲಿನ ದೂರನ್ನು ವಿಚಾರಿಸುವಂತಿಲ್ಲ. ಖಾಸಗಿ ಆಸ್ಪತ್ರೆಗಳ ದರದ ಚರ್ಚೆ ಇದರ ಜೊತೆಗೇ ನಡೆಯಲಿ. ತನ್ನ ಆಸ್ಪತ್ರೆಯ ರೋಗಿಗೆ ಉತ್ತರ ಕೊಡಲು ಕಾನೂನಿನಿಂದ ಬದ್ಧವಾದ ಸರ್ಕಾರಕ್ಕೆ ಮಾತ್ರ ಇತರರ ಆಸ್ಪತ್ರೆಗಳಿಂದ ಉತ್ತರ ಕೇಳುವ ನೈತಿಕ ಅಧಿಕಾರ ಇರುತ್ತದೆ.