ಗಸಗಸೆ ಗಿಡ ಮತ್ತು ಹೃದಯದ ಬೀಗ

ಬಿಕಾಂ ಓದೋಳಿಗೆ ಹೃದಯದ ಕಥೆ ಯಾಕೆ ಅಂತ ಕೇಳ್ಬೇಡಿ! ಹೋದ ವರ್ಷ ನಮ್ಮಜ್ಜಂಗೆ ಹಾರ್ಟ್ ಅಟ್ಯಾಕ್ ಆದಾಗ ಡಾಕ್ಟ್ರು ನೋವಿಗೆ ಮಾರ್ಫಿನ್ ಕೊಟ್ರು. ಅಫೀಮಿಂದ ಬರೋ ಔಷಧಿ ಹೃದಯಕ್ಕೆ ಏನು ಮಾಡತ್ತೆ ಅನ್ನೋ ಪ್ರಶ್ನೆ ಅವತ್ತಿಂದ ತಲೇಲಿ ಕೂತಿತ್ತು.

1️⃣ ನಾವು ಪಾಯಸಕ್ಕೆ ಹಾಕೋ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿ ಗೀರಿದ್ರೆ ಬರೋ ಹಾಲೇ ಅಫೀಮು. 1800ರ ದಶಕದ ಆರಂಭದಲ್ಲಿ ಜರ್ಮನಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಸೆರ್ಟ್ಯೂರ್ನರ್ ಅದರಿಂದ ಮಾರ್ಫಿನ್ ಬೇರ್ಪಡಿಸಿದ. ಆಗ ಅವನಿಗೆ ಹೆಚ್ಚು ಕಮ್ಮಿ ನಮ್ಮದೇ ವಯಸ್ಸು.

2️⃣ ಅದು ದೇಹದಲ್ಲಿ ಎಲ್ಲಿ ಅಂಟ್ಕೊಳತ್ತೆ? 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮೆದುಳಿನಲ್ಲಿ ಓಪಿಯಾಯ್ಡ್ ರಿಸೆಪ್ಟರ್ ಇದೆ ಅಂತ ತೋರಿಸಿದ್ರು. ರಿಸೆಪ್ಟರ್ ಅಂದ್ರೆ ಬೀಗ, ಮಾರ್ಫಿನ್ ಅಂದ್ರೆ ಬೀಗದ ಕೈ. ಆದ್ರೆ ಯಾವುದೋ ಗಿಡದ ಬೀಗದ ಕೈಗೆ ನಮ್ಮೊಳಗೆ ಬೀಗ ಯಾಕಿರ್ಬೇಕು? 1975ರಲ್ಲಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಸ್ ಉತ್ತರ ಕೊಟ್ರು. ಹಂದಿಯ ಮೆದುಳಲ್ಲಿ ಅವರಿಗೆ ಎನ್ಕೆಫಾಲಿನ್ ಸಿಕ್ತು. ಅಂದ್ರೆ ದೇಹ ತನ್ನದೇ ಬೀಗದ ಕೈ ಮಾಡ್ಕೊಳತ್ತೆ!

3️⃣ ಈಗ ಹೃದಯಕ್ಕೆ ಬರೋಣ. 1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ನಾಯಿಗಳ ಹೃದಯದ ರಕ್ತನಾಳವನ್ನ 5 ನಿಮಿಷ ಮುಚ್ಚಿ 5 ನಿಮಿಷ ಬಿಟ್ರು. ಹೀಗೆ 4 ಸಲ. ಆಮೇಲೆ 40 ನಿಮಿಷ ಪೂರ್ತಿ ಮುಚ್ಚಿದ್ರು. ಸತ್ತ ಸ್ನಾಯು ಮಾಮೂಲಿಗಿಂತ ಕಾಲು ಭಾಗದಷ್ಟೇ! ಚಿಕ್ಕ ಚಿಕ್ಕ ಕಷ್ಟ ಕಂಡ ಹೃದಯ ದೊಡ್ಡ ಕಷ್ಟಕ್ಕೆ ತಯಾರಾಗಿತ್ತು.

4️⃣ ತಯಾರು ಮಾಡಿದ್ದು ಯಾರು? 1995ರಲ್ಲಿ ಅಮೆರಿಕದ ಗ್ಯಾರೆಟ್ ಗ್ರಾಸ್ ತಂಡ ಇಲಿಗಳಿಗೆ ಈ ಬೀಗ ಮುಚ್ಚೋ ನಲಾಕ್ಸೋನ್ ಕೊಟ್ಟಿತು. ಆ ರಕ್ಷಣೆ ಹೋಯ್ತು. ಮುಂದಿನ ವರ್ಷ ಮಾರ್ಫಿನ್ ಕೊಟ್ಟಾಗ ಅದೇ ರಕ್ಷಣೆ ಬಂತು. ಹೃದಯದ ಸ್ನಾಯುಕೋಶಗಳ ಮೇಲೂ ಈ ಬೀಗಗಳಿವೆ. ತೆರೆದಾಗ ಒಳಗೆ ಸಂದೇಶ ಹೋಗಿ, ಕೋಶದ ಪವರ್‌ಹೌಸ್ ಆದ ಮೈಟೊಕಾಂಡ್ರಿಯದಲ್ಲಿ ಪೊಟ್ಯಾಸಿಯಂ ಬಾಗಿಲು ತೆರೆಯತ್ತೆ ಅನ್ನೋದು ವಿಜ್ಞಾನಿಗಳ ವಿವರಣೆ. ಆಗ ಆಮ್ಲಜನಕ ಕಮ್ಮಿಯಾದ್ರೂ ಕೋಶ ಇನ್ನಷ್ಟು ಹೊತ್ತು ತಾಳ್ಕೊಳತ್ತೆ.

5️⃣ ಇದನ್ನ ಓದಿ ಯಾರೂ ನೋವಿನ ಮಾತ್ರೆ ನುಂಗೋಕೆ ಹೋಗ್ಬೇಡಿ, ಪ್ಲೀಸ್. ಇಲಿಯಲ್ಲಿ ಆಗಿದ್ದೆಲ್ಲ ಮನುಷ್ಯರಲ್ಲಿ ಆಗಲ್ಲ. ಓಪಿಯಾಯ್ಡ್ ಹೆಚ್ಚಾದ್ರೆ ಉಸಿರೇ ನಿಲ್ಲತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ ಮೈಗೆ ಹತ್ತೋದನ್ನೂ ಮಾರ್ಫಿನ್ ನಿಧಾನ ಮಾಡತ್ತೆ, ಅದಕ್ಕೇ ಡಾಕ್ಟ್ರುಗಳೂ ಈಗ ಅಳೆದು ಸುರಿದು ಕೊಡ್ತಾರೆ.

ಅಜ್ಜ ಈಗ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ. ಈ ಕಥೆ ಹೇಳಿದ್ರೆ, "ಹಂಗಾದ್ರೆ ಗಸಗಸೆ ಪಾಯಸ ಮಾಡ್ಸು" ಅಂದ್ರು. 😄 ಬೀಗ ಅವರೊಳಗೇ ಇತ್ತು ಅಂತ ಮಾತ್ರ ಅವರು ನಂಬ್ಲಿಲ್ಲ.

ನಿಮ್ಮನೇಲಿ ಯಾರಿಗಾದ್ರೂ ಎದೆನೋವು ಬಂದ್ರೆ ಗ್ಯಾಸ್ ಅಂತ ಕಾಯ್ಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

#ಇತಿಹಾಸ #ಹೃದಯ #ಕನ್ನಡದಲ್ಲಿವಿಜ್ಞಾನ