ಮುರಿದ ಮುಂಗೈ, ಬರೆದ ಸಾಲು

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಪೊಲೀಸ್ ಫಿರ್ಯಾದಿಗಳನ್ನು ಓದಿದವರಿಗೆ ಒಂದು ಮಾತು ಚಿರಪರಿಚಿತ: ‘ಮುಂಗೈಗೆ ಭಾರಿ ಗುಪ್ತಗಾಯವಾಗಿ ಮುರಿದಂತಾಗಿದ್ದು’. ‘ಮುರಿದಿದೆ’ ಎಂದಲ್ಲ, ‘ಮುರಿದಂತಾಗಿದ್ದು’. ಎಲುಬು ಮುರಿದಿದೆ ಎಂದು ಹೇಳಬೇಕಾದವರು ಎಕ್ಸ್‌ರೇ ನೋಡಿದ ವೈದ್ಯರು. ಆ ‘ಅಂತೆ’ಯನ್ನು ಅಳಿಸುವ ಕಾಗದಗಳು ಹೇಗೆ ಬೆಳೆದು ಬಂದವು ಎಂಬ ಕತೆ ಉದ್ದವಾಗಿದೆ. ಅದರ ಕೊನೆಯ ಕೊಂಡಿ, ರೋಗಿಗೆ ಕಾಣದ ಒಂದು ಸಂಕೇತ.

ಮುಂಗೈಯಲ್ಲಿ ಎರಡು ಎಲುಬು. ಹೆಬ್ಬೆರಳ ಬದಿಯದು ರೇಡಿಯಸ್, ಕಿರುಬೆರಳ ಬದಿಯದು ಅಲ್ನಾ. ಡಬ್ಲಿನ್‌ನ ಏಬ್ರಹಾಂ ಕಾಲೆಸ್ 1814ರಲ್ಲಿ ಮಣಿಕಟ್ಟಿನ ಹತ್ತಿರದ ಮುರಿತವನ್ನು ಬಣ್ಣಿಸಿದಾಗ ಎಕ್ಸ್‌ರೇ ಇರಲಿಲ್ಲ. ಅದು ಬಂದದ್ದು 1895ರಲ್ಲಿ. ಕೈಯ ಆಕಾರ ನೋಡಿ, ಬೆರಳಿನಿಂದ ಮುಟ್ಟಿ, ಇಷ್ಟು ಅಂಗುಲ ಮೇಲೆ ಎಂದು ಬರೆದಿಟ್ಟದ್ದರಿಂದಲೇ ಆ ಮುರಿತಕ್ಕೆ ಅವರ ಹೆಸರು ಉಳಿಯಿತು. ನಮ್ಮ ಸೀಮೆಯಲ್ಲಿ ಬಿದಿರ ದಬ್ಬೆ ಕಟ್ಟುತ್ತಿದ್ದ ನಾಟಿ ವೈದ್ಯರ ಬೆರಳಿಗೂ ಅದೇ ಜಾಣ್ಮೆ ಇತ್ತು, ಆದರೆ ಅದು ಕಾಗದಕ್ಕೆ ಇಳಿಯಲಿಲ್ಲ. ಇದರ ಬೆಲೆ ಇಂದಿಗೂ ತೆರುತ್ತಿದ್ದೇವೆ. ಕಟ್ಟು ಬಿಗಿಯಾಗಿ ರಕ್ತ ಓಡದೆ ಬೆರಳು ಮರಗಟ್ಟಿದ ಮಗುವನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಮೊದಲು ಕೇಳುವುದು, ಕಟ್ಟು ಕಟ್ಟಿದ್ದು ಎಷ್ಟು ಹೊತ್ತಿಗೆ ಎಂದು. ಉತ್ತರ ಯಾರ ಬಳಿಯೂ ಬರಹದಲ್ಲಿ ಇರುವುದಿಲ್ಲ. ಅದಕ್ಕೇ ಪ್ಲಾಸ್ಟರ್ ಹಾಕುವ ಮೊದಲು ಮತ್ತು ನಂತರ ನಾಡಿ, ಬೆರಳ ಚಲನೆ, ಸ್ಪರ್ಶಜ್ಞಾನ ಮೂರನ್ನೂ ಗಂಟೆ ಸಹಿತ ಬರೆಯಬೇಕು ಎಂಬುದು ಮುಂಗೈ ಮುರಿತದ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ನಿಯಮ.

ಸಂಕೇತಗಳು ಹುಟ್ಟಿದ್ದು ಬೇರೆ ಕಾರಣಕ್ಕೆ. 1893ರಲ್ಲಿ ಜಾಕ್ ಬರ್ಟಿಲಾನ್ ಸಿದ್ಧಪಡಿಸಿದ ಅಂತರರಾಷ್ಟ್ರೀಯ ಪಟ್ಟಿ ಎಣಿಸಿದ್ದು ಸಾವುಗಳನ್ನು. ಕೈ ಮುರಿದವರು ಸಾಯುವುದಿಲ್ಲ, ಹಾಗಾಗಿ ಅವರು ಲೆಕ್ಕಕ್ಕೆ ಸಿಗಲಿಲ್ಲ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಣೆ ಹೊತ್ತು ಆರನೇ ಪರಿಷ್ಕರಣೆ ತಂದಾಗಲೇ ಬದುಕಿರುವವರ ಕಾಯಿಲೆ, ಗಾಯಗಳೂ ಪಟ್ಟಿಗೆ ಸೇರಿದವು. ಇಂದು ನಮ್ಮಲ್ಲಿ ಬಳಕೆಯಲ್ಲಿರುವುದು 1990ರಲ್ಲಿ ಒಪ್ಪಿಗೆ ಪಡೆದ ಹತ್ತನೆಯದು, ಐಸಿಡಿ-10. ಅದರಲ್ಲಿ ಮುಂಗೈ ಮುರಿತದ ಮನೆ ಎಸ್52. ರೇಡಿಯಸ್‌ನ ಕೆಳತುದಿ ಎಸ್52.5, ಎರಡೂ ಎಲುಬುಗಳ ನಡುದಂಡ ಎಸ್52.4, ಎಲ್ಲಿ ಮುರಿಯಿತೆಂದು ಬರೆಯದಿದ್ದರೆ ಎಸ್52.9. ಮುಂದಿನ ಅಂಕಿ 0 ಆದರೆ ಚರ್ಮ ಹರಿಯದ ಮುರಿತ, 1 ಆದರೆ ತೆರೆದ ಮುರಿತ. ವೈದ್ಯರು ಎರಡನ್ನೂ ಹೇಳದಿದ್ದರೆ ಹರಿಯದ್ದೆಂದೇ ಹಿಡಿಯಬೇಕು. ಅಂದರೆ ಕೆಸರುಗದ್ದೆಯ ಮಣ್ಣು ಹೊಕ್ಕ ಗಾಯವೂ ಒಂದು ಪದದ ಮರೆವಿನಿಂದ ಸಾದಾ ಮುರಿತವಾಗಿಬಿಡುತ್ತದೆ. ಇನ್ನೊಂದು ಕೊರತೆಯಿದೆ. ಈ ಸಂಕೇತ ಎಡಗೈಯೋ ಬಲಗೈಯೋ ಹೇಳುವುದೇ ಇಲ್ಲ. ಕೇಸ್ ಶೀಟಿನಲ್ಲಿ ಬರೆದರೆ ಉಂಟು, ಇಲ್ಲವಾದರೆ ಇಲ್ಲ.

ಹೇಗೆ ಮುರಿಯಿತು ಎಂಬುದಕ್ಕೂ ಇಪ್ಪತ್ತನೇ ಅಧ್ಯಾಯದಲ್ಲಿ ಸಂಕೇತಗಳಿವೆ: ಮರದಿಂದ ಬಿದ್ದರೆ ಡಬ್ಲ್ಯೂ14, ಕೃಷಿ ಯಂತ್ರಕ್ಕೆ ಸಿಕ್ಕರೆ ಡಬ್ಲ್ಯೂ30, ಬೈಕ್ ಸವಾರನಾದರೆ ವಿ20ರಿಂದ ವಿ29. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ, ಟ್ರ್ಯಾಕ್ಟರು, ರಾಶಿ ಮಾಡುವ ಯಂತ್ರಗಳು ತುಂಬಿದ ಈ ತಾಲ್ಲೂಕುಗಳಲ್ಲಿ ಎಲ್ಲಕ್ಕೂ ‘ಬಿದ್ದು’ ಎಂದು ಬರೆದರೆ, ಯಂತ್ರಕ್ಕೆ ಎಷ್ಟು ಕೈ ಸಿಕ್ಕವೆಂದು ಜಿಲ್ಲೆಗೆ ಎಂದೂ ತಿಳಿಯುವುದಿಲ್ಲ.

ದುಡ್ಡಿನ ಲೆಕ್ಕ ಬಂದ ಮೇಲೆ ಬರಹಕ್ಕೆ ಬಿಗಿ ಬಂತು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಮರುವರ್ಷವೇ, ಬಡವರ ಚಿಕಿತ್ಸೆಗೆ ಸರ್ಕಾರ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲಿಗೆ ಕಲಬುರಗಿ ವಿಭಾಗದಲ್ಲಿ ಆರಂಭವಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ವಿಲೀನ. ಆಗ 1,650 ಚಿಕಿತ್ಸೆಗಳನ್ನು 2ಎ, 2ಬಿ, 3ಎ, 3ಬಿ, 4ಎ ಎಂದು ವಿಂಗಡಿಸಲಾಯಿತು. 2ಎ ಸರ್ಕಾರಿ ಆಸ್ಪತ್ರೆಗೆ ಮೀಸಲು, 4ಎ ತುರ್ತು, ಅದಕ್ಕೆ ರೆಫರಲ್ ಚೀಟಿ ಬೇಡ. ಇಲ್ಲಿ ಪ್ರತಿ ಚಿಕಿತ್ಸೆಗೂ ಇರುವ ಪ್ಯಾಕೇಜ್ ಸಂಕೇತ ಐಸಿಡಿಯಲ್ಲ. ಐಸಿಡಿ ಹೇಳುವುದು ಏನಾಗಿದೆ ಎಂದು, ಪ್ಯಾಕೇಜ್ ಸಂಕೇತ ಹೇಳುವುದು ಏನು ಮಾಡಿದರು ಎಂದು. ಎರಡೂ ಒಂದೇ ಕೈಯ ಮಾತಾಡಬೇಕು. ಆಪರೇಷನ್ನಿಗೆ ಮುಂಚಿನ ಎಕ್ಸ್‌ರೇ, ಪ್ಲೇಟು ಕಾಣುವ ನಂತರದ ಎಕ್ಸ್‌ರೇ, ಇವು ಹೊಂದದಿದ್ದರೆ ಕ್ಲೇಮು ನಿಲ್ಲುತ್ತದೆ.

ಕೋರ್ಟಿನ ಕಣ್ಣು ಇನ್ನೂ ಹರಿತ. 1860ರ ದಂಡಸಂಹಿತೆಯ 320ನೇ ಕಲಮು ಎಲುಬು ಮುರಿತವನ್ನು ಭಾರಿ ಗಾಯವೆಂದಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು. ಸಾದಾ ಗಾಯಕ್ಕೆ ಒಂದು ವರ್ಷದವರೆಗಿನ ಶಿಕ್ಷೆ, ಭಾರಿ ಗಾಯಕ್ಕೆ ಏಳು ವರ್ಷದವರೆಗೆ. ಗಾಯದ ಪ್ರಮಾಣಪತ್ರದಲ್ಲಿ ಎಕ್ಸ್‌ರೇ ಸಂಖ್ಯೆ, ದಿನಾಂಕ ಇಲ್ಲದಿದ್ದರೆ ವಕೀಲರು ಹಿಡಿಯುವುದು ಅಲ್ಲೇ. ಅಪಘಾತ ಪರಿಹಾರದಲ್ಲೂ ಹಾಗೆಯೇ. ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು, ಕೈಯ ಊನದ ಶೇಕಡಾವಾರು ಬೇರೆ, ಗಳಿಕೆಗೆ ಬಿದ್ದ ಪೆಟ್ಟು ಬೇರೆ ಎಂದು. ಹತ್ತಿ ಬಿಡಿಸುವವಳಿಗೆ ಮುಂಗೈ ತಿರುಗದೇ ಹೋದರೆ ಏನಾಗುತ್ತದೆ ಎಂಬುದನ್ನು ತೂಗಲು ನ್ಯಾಯಾಧೀಶರಿಗೆ ‘ಮುರಿತ ಕೂಡಿದೆ’ ಎಂಬ ಸಾಲು ಸಾಲದು. ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಅಳತೆ ಬೇಕು.

ಇತ್ತ ಹೈದರಾಬಾದಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗಾಗಿ ಮೆಡಿಕಲ್ ಕೋಡಿಂಗ್ ದೊಡ್ಡ ಉದ್ಯೋಗ. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಜಾರಿಯಾದ ಐಸಿಡಿ-10-ಸಿಎಂನಲ್ಲಿ ಎಸ್52 ಏಳು ಅಕ್ಷರಗಳಿಗೆ ಬೆಳೆಯುತ್ತದೆ. ಎಡವೋ ಬಲವೋ, ಎಲುಬು ಸರಿದಿದೆಯೋ ಇಲ್ಲವೋ, ಮೊದಲ ಚಿಕಿತ್ಸೆಯೋ ನಂತರದ ಭೇಟಿಯೋ, ಕೂಡಲು ತಡವೋ, ಸೊಟ್ಟಗೆ ಕೂಡಿದೆಯೋ, ತೆರೆದ ಮುರಿತವಾದರೆ ಗಾಯದ ತೀವ್ರತೆ ಸೂಚಿಸುವ 1976ರ ಗಸ್ಟಿಲೊ ದರ್ಜೆ ಯಾವುದೋ ಎಲ್ಲವೂ ಅದರಲ್ಲಿ ಅಡಕ. ಅಮೆರಿಕದ ಅಜ್ಜಿಯ ಮಣಿಕಟ್ಟಿಗೆ ಏಳಕ್ಷರ ಜೋಡಿಸಬಲ್ಲ ಕೈಗಳು ನಮ್ಮಲ್ಲಿವೆ. ಅದೇ ಕೌಶಲ ಜಿಲ್ಲಾ ಆಸ್ಪತ್ರೆಯ ದಾಖಲೆ ಕೋಣೆಗೆ ಬರಬಾರದೇಕೆ? ಯಾದಗಿರಿಗೀಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಹೊಸ ವೈದ್ಯರಿಗೆ ಈ ಬರಹವನ್ನು ಮೊದಲ ದಿನದಿಂದ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಮುಂಗೈ ಮುರಿತ ಎನ್‌ಸಿ32. ಎಡಬಲವನ್ನು ಅದಕ್ಕೆ ಪೋಣಿಸುವ ಅನುಕೂಲವೂ ಇದೆ. ಆದರೆ ವೈದ್ಯರು ಬರೆಯದ್ದನ್ನು ಯಾವ ಪರಿಷ್ಕರಣೆಯೂ ಪೋಣಿಸಲಾರದು.

ಬರೆದದ್ದು ರೋಗಿಯ ಕೈಗೆ ಸಿಗುವುದೂ ಅಷ್ಟೇ ಮುಖ್ಯ, ಏಕೆಂದರೆ ಈ ಸೀಮೆಯವರು ಗುಳೆ ಹೋಗುವವರು. ಬೆಂಗಳೂರಿನ ಕಟ್ಟಡದಲ್ಲಿ ಬಿದ್ದು, ಅಲ್ಲೇ ‘ರಾಡ್’ ಹಾಕಿಸಿಕೊಂಡು ಊರಿಗೆ ಮರಳುತ್ತಾರೆ. ಒಂದೂವರೆ, ಎರಡು ವರ್ಷ ಕಳೆದು ಅದನ್ನು ತೆಗೆಯಬೇಕಾಗಿ ಬಂದರೆ ಯಾದಗಿರಿಯ ವೈದ್ಯರಿಗೆ ಬೇಕಾಗುವುದು ಸಣ್ಣ ಸಂಗತಿ: ಪ್ಲೇಟು ಯಾವ ಕಂಪನಿಯದು, ಸ್ಕ್ರೂ ಎಷ್ಟು, ಅದರ ತಲೆ ಎಂಥದು. ತಲೆಗೆ ಹೊಂದುವ ಸ್ಕ್ರೂಡ್ರೈವರ್ ಇಲ್ಲದೆ ಕೈ ಕೊಯ್ಯಲಾಗದು. ಅದೆಲ್ಲ ಇರುವುದು ಆಪರೇಷನ್ ಟಿಪ್ಪಣಿಯಲ್ಲಿ ಮತ್ತು ಅದರ ಪಕ್ಕ ಅಂಟಿಸಿದ ಇಂಪ್ಲಾಂಟ್ ಸ್ಟಿಕ್ಕರಿನಲ್ಲಿ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಊರಿಗೆ ಬಸ್ಸು ಹತ್ತುವ ಮುನ್ನವೇ ಆ ಹಾಳೆಯ ನಕಲನ್ನು ಕೇಳಿ ಪಡೆದು, ಎಕ್ಸ್‌ರೇ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಬೇಕು.